ಗೈರುಹಾಜರಿಗೆ ಎಷ್ಟು ಅಂಕ?

ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರದಲ್ಲಿ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಕಾಣುವ ನೋಟ ಎಲ್ಲ ಊರುಗಳಲ್ಲಿಯೂ ಬಹುಮಟ್ಟಿಗೆ ಒಂದೇ. ಮೇಜಿನ ಮೇಲೆ ಒಂದು ಕಡೆ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದು ಕಡೆ ಉದ್ದನೆಯ ಅಂಕಪಟ್ಟಿ. ಅಂತಹ ಪಟ್ಟಿಯಿಂದ ಐವರು ವಿದ್ಯಾರ್ಥಿಗಳನ್ನು ಮಾತ್ರ ಉದಾಹರಣೆಗೆ ತೆಗೆದುಕೊಂಡರೆ ಸಾಕು. ಇಪ್ಪತ್ತೈದು ಅಂಕಗಳ ಗಣಿತ ಪರೀಕ್ಷೆಯಲ್ಲಿ ನಾಲ್ವರಿಗೆ ಕ್ರಮವಾಗಿ 18, 22, 15 ಮತ್ತು 20 ಅಂಕಗಳು ಬಂದಿವೆ. ಐದನೆಯ ಹುಡುಗಿ ಜ್ವರದಿಂದ ಮಲಗಿದ್ದುದರಿಂದ ಪರೀಕ್ಷೆಗೆ ಬರಲಿಲ್ಲ. ಅಧ್ಯಾಪಕರು ಅವಳ ಹೆಸರಿನ ಮುಂದೆ ಕೆಂಪು ಶಾಯಿಯಿಂದ ‘ಗೈ’ ಎಂದು ಬರೆದು ಮುಂದಿನ ಹೆಸರಿಗೆ ಹೋಗುತ್ತಾರೆ. ಆ ಒಂದು ಅಕ್ಷರದ ಅರ್ಥ ಓದುವವರೆಲ್ಲರಿಗೂ ತಿಳಿಯುತ್ತದೆ. ಈ ಹುಡುಗಿಗೆ ಸೊನ್ನೆ ಬಂದಿಲ್ಲ. ಎಷ್ಟು ಬರುತ್ತಿತ್ತೆಂಬುದು ಯಾರಿಗೂ ಗೊತ್ತಿಲ್ಲ.

ತೊಂದರೆ ಆರಂಭವಾಗುವುದು ಆ ಪಟ್ಟಿಯನ್ನು ಗಣಕಯಂತ್ರಕ್ಕೆ ಏರಿಸುವಾಗ. ಅಂಕದ ಚೌಕದಲ್ಲಿ ಅಂಕಿಯನ್ನಷ್ಟೇ ತುಂಬಬೇಕೆಂದು ತಂತ್ರಾಂಶ ಹಠ ಹಿಡಿದರೆ, ಏರಿಸುವವರು ‘ಗೈ’ಯ ಬದಲಿಗೆ 0 ಒತ್ತಿ ಮುಂದುವರಿಯುತ್ತಾರೆ. ನಾಲ್ವರ ಒಟ್ಟು ಅಂಕ 75. ಪರೀಕ್ಷೆ ಬರೆದವರ ಸರಾಸರಿ 18.75. ಸೊನ್ನೆಯನ್ನೂ ಸೇರಿಸಿ ಐದರಿಂದ ಭಾಗಿಸಿದರೆ ಸರಾಸರಿ 15ಕ್ಕೆ ಇಳಿಯುತ್ತದೆ. ಗೈರುಹಾಜರಿಯ ಗುರುತಾಗಿ −1 ಎಂದು ತುಂಬಿದರೆ ಸರಾಸರಿ 14.8 ಆಗುತ್ತದೆ. ಅದೇ ಗುರುತಿಗೆ 999 ಎಂದು ತುಂಬಿದರೆ, ಇಪ್ಪತ್ತೈದು ಅಂಕಗಳ ಪರೀಕ್ಷೆಯಲ್ಲಿ ತರಗತಿಯ ಸರಾಸರಿ 214.8 ಎಂದು ಯಂತ್ರ ತೋರಿಸುತ್ತದೆ. ಈ ಮೂರು ತಪ್ಪುಗಳಲ್ಲಿ ಕೊನೆಯದೇ ಲೇಸು. ಏಕೆಂದರೆ ಅದು ನೋಡಿದ ಕೂಡಲೆ ಕಣ್ಣಿಗೆ ಬೀಳುತ್ತದೆ. 15 ಮತ್ತು 14.8 ಎಂಬ ಉತ್ತರಗಳು ಸರಿಯಾದ ಉತ್ತರದ ವೇಷದಲ್ಲಿಯೇ ಬರುವುದರಿಂದ ಅವನ್ನು ಹಿಡಿಯುವುದು ಕಷ್ಟ.

ಅಂಕಿಯ ಜಾಗದಲ್ಲಿ ಅಂಕಿಯೇ ಇಲ್ಲದಿರುವಾಗ ಯಂತ್ರ ಏನು ಮಾಡಬೇಕು? ಅದು ಏನು ಮಾಡಿತೆಂಬುದನ್ನು ಮನುಷ್ಯ ಹೇಗೆ ಪತ್ತೆ ಹಚ್ಚಬೇಕು? ಅಂಕಪಟ್ಟಿಯಲ್ಲಿ ಹುಟ್ಟುವ ಈ ಪ್ರಶ್ನೆಯೇ ಹವಾಮಾನದ ಮುನ್ಸೂಚನೆಯಲ್ಲಿ, ಸೇತುವೆಯ ವಿನ್ಯಾಸದಲ್ಲಿ, ಉಪಗ್ರಹದ ಪಥದ ಲೆಕ್ಕದಲ್ಲಿ, ಚಾಲಕನಿಲ್ಲದೆ ಓಡುವ ಕಾರಿನಲ್ಲಿಯೂ ಎದುರಾಗುತ್ತದೆ. ಗಣಕಶಾಸ್ತ್ರ ಇದಕ್ಕೆ ಕಂಡುಕೊಂಡ ಉತ್ತರ ವಿಚಿತ್ರವಾಗಿದ್ದರೂ ಒಂಬತ್ತನೆಯ ತರಗತಿಯ ಗಣಿತ ಬಲ್ಲವರಿಗೆ ಎಟುಕದಿರುವಂಥದ್ದಲ್ಲ.

ಸೊನ್ನೆಯಿಂದ ಭಾಗಿಸಿದ ಹಿರಿಯರು

ಭಾಗಾಕಾರವೆಂದರೆ ಗುಣಾಕಾರವನ್ನು ಹಿಂದುಮುಂದಾಗಿ ಕೇಳುವ ಪ್ರಶ್ನೆ. ಆರನ್ನು ಎರಡರಿಂದ ಭಾಗಿಸಿದರೆ ಮೂರು. ಏಕೆಂದರೆ ಮೂರೆರಡ್ಲ ಆರು. ಹಾಗಾದರೆ ಐದನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು? ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಐದು ಬರುತ್ತದೆಯೋ ಅದು. ಅಂತಹ ಸಂಖ್ಯೆ ಇಲ್ಲ. ಸೊನ್ನೆಯನ್ನೇ ಸೊನ್ನೆಯಿಂದ ಭಾಗಿಸಿದರೆ ತೊಡಕು ಬೇರೆ ಬಗೆಯದು. ಒಂದನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ, ನೂರನ್ನು ಗುಣಿಸಿದರೂ ಸೊನ್ನೆ. ಎಲ್ಲ ಸಂಖ್ಯೆಗಳೂ ಉತ್ತರವಾಗಲು ಅರ್ಹವಾಗಿರುವುದರಿಂದ ಯಾವುದೊಂದನ್ನೂ ಉತ್ತರವೆಂದು ಆರಿಸುವಂತಿಲ್ಲ. ಮೊದಲನೆಯದರಲ್ಲಿ ಉತ್ತರವೇ ಇಲ್ಲ; ಎರಡನೆಯದರಲ್ಲಿ ಉತ್ತರಗಳು ಮಿತಿಮೀರಿ ಇವೆ.

ಈ ತೊಡಕಿನೊಂದಿಗೆ ಭಾರತದ ಗಣಿತಜ್ಞರು ಬಹು ಹಿಂದೆಯೇ ಸೆಣಸಿದ್ದಾರೆ. ಕ್ರಿ.ಶ. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ರಚಿಸಿದ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಎಂದನು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದನು. ಹನ್ನೆರಡನೆಯ ಶತಮಾನದ ಎರಡನೆಯ ಭಾಸ್ಕರನು ಅಂತಹ ರಾಶಿಯನ್ನು ‘ಖಹರ’ವೆಂದು ಕರೆದು ಅದು ಅನಂತವೆಂದನು. ಮೂವರು ಮಹಾ ಪಂಡಿತರು, ಮೂರು ಉತ್ತರಗಳು. ಇಂದಿನ ಗಣಿತ ಮಹಾವೀರನ ಉತ್ತರವನ್ನು ಒಪ್ಪುವುದಿಲ್ಲ.

ಆದರೆ ಅದೇ ಗ್ರಂಥದಲ್ಲಿ ಮಹಾವೀರನು ಇನ್ನೊಂದು ಮಾತನ್ನು ಹೇಳಿದ್ದಾನೆ. ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದೇ ಆ ಮಾತು. ಧನವನ್ನು ಧನದಿಂದ ಗುಣಿಸಿದರೂ ಧನ, ಋಣವನ್ನು ಋಣದಿಂದ ಗುಣಿಸಿದರೂ ಧನ. ಮತ್ತೆ −1 ಯಾವುದರ ವರ್ಗವಾದೀತು? ಶಾಲೆಯ ಮಕ್ಕಳು ಬಳಸುವ ಸಂಖ್ಯೆಗಳ ಮಟ್ಟಿಗೆ ಇದು ಇಂದಿಗೂ ಸರಿ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಅಂದಿನ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ಓದುಗರಿಗೆ ಅದು ದೂರದ ಊರೇನೂ ಅಲ್ಲ. ಆ ದೊರೆಯ ಕಾಲದಲ್ಲಿ ಒಬ್ಬ ಗಣಿತಜ್ಞ, ಒಂದು ಪ್ರಶ್ನೆಗೆ ಸಂಖ್ಯೆಯ ರೂಪದ ಉತ್ತರವಿಲ್ಲವೆಂದು ಸ್ಪಷ್ಟವಾಗಿ ಬರೆದಿಟ್ಟಿದ್ದನು. ಗಣಕಯಂತ್ರಗಳು ಕಲಿಯಬೇಕಾಗಿದ್ದ ಪಾಠವೂ ಅದೇ ಆಗಿತ್ತು.

ಯಂತ್ರ ಕಲಿತ ಪಾಠ

ಮನುಷ್ಯನಿಗೆ ಲೆಕ್ಕ ಕಟ್ಟಿಕೊಂಡರೆ ಬಳಪವನ್ನು ಕೆಳಗಿಟ್ಟು ಯೋಚಿಸುತ್ತಾನೆ. ಸೆಕೆಂಡಿಗೆ ಕೋಟಿಗಟ್ಟಲೆ ಲೆಕ್ಕ ಮಾಡುವ ಯಂತ್ರದ ಮುಂದೆ ಮೂರು ದಾರಿಗಳಿವೆ. ಇಡೀ ಕೆಲಸವನ್ನೇ ನಿಲ್ಲಿಸುವುದು ಒಂದು. ಏನಾದರೊಂದು ಅಂಕಿಯನ್ನು ತುಂಬಿ ಮುಂದುವರಿಯುವುದು ಎರಡನೆಯದು. ‘ಇಲ್ಲಿ ಸಂಖ್ಯೆ ಇಲ್ಲ’ ಎಂಬ ಗುರುತನ್ನು ಇಟ್ಟು ಮುಂದುವರಿಯುವುದು ಮೂರನೆಯದು. ಅಧ್ಯಾಪಕರ ಕೆಂಪು ಶಾಯಿಯ ‘ಗೈ’ ಈ ಮೂರನೆಯ ಬಗೆಗೆ ಸೇರಿದ್ದು.

ಜರ್ಮನಿಯ ಕೊನ್ರಾಡ್ ತ್ಸೂಸೆ 1941ರಲ್ಲಿ ನಿರ್ಮಿಸಿದ ಜ಼ೆಡ್-3 ಯಂತ್ರದಲ್ಲಿಯೇ ಅನಂತವನ್ನೂ ಅರ್ಥವಿಲ್ಲದ ಉತ್ತರವನ್ನೂ ಬೇರೆಯಾಗಿ ಗುರುತಿಸುವ ಏರ್ಪಾಡು ಇತ್ತು. 1964ರಲ್ಲಿ ಅಮೆರಿಕದಲ್ಲಿ ಬಂದ ಸಿಡಿಸಿ 6600 ಯಂತ್ರದಲ್ಲಿಯೂ ‘ಅನಿಶ್ಚಿತ’ವೆಂಬ ವಿಶೇಷ ಬೆಲೆಯೊಂದಿತ್ತು. ಆದರೆ ಒಂದೊಂದು ಕಂಪನಿಯ ಯಂತ್ರದ್ದು ಒಂದೊಂದು ಪದ್ಧತಿ. ಒಂದು ಯಂತ್ರದಲ್ಲಿ ಸರಿಯಾಗಿ ನಡೆದ ಲೆಕ್ಕ ಇನ್ನೊಂದರಲ್ಲಿ ಬೇರೆ ಉತ್ತರ ಕೊಡುತ್ತಿತ್ತು, ಅಥವಾ ನಡುವೆಯೇ ನಿಂತುಹೋಗುತ್ತಿತ್ತು.

ಈ ಗೊಂದಲವನ್ನು ನೀಗಿಸಲು ಮುಂದಾದವರಲ್ಲಿ ಪ್ರಮುಖರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಗಣಿತಜ್ಞ ವಿಲಿಯಂ ಕಹಾನ್. ಕೆನಡದಲ್ಲಿ ಹುಟ್ಟಿ ಬೆಳೆದ ಅವರು ಇಂಟೆಲ್ ಕಂಪನಿಯ 8087 ಎಂಬ ಲೆಕ್ಕದ ಚಿಪ್ಪಿನ ವಿನ್ಯಾಸಕ್ಕೆ ಸಲಹೆಗಾರರಾಗಿದ್ದರು. 1980ರಲ್ಲಿ ಆ ಚಿಪ್ಪು ಹೊರಬಂದಿತು. ಅದರ ಹಿಂದಿದ್ದ ವಿಚಾರಗಳೇ ಬೆಳೆದು 1985ರಲ್ಲಿ ಐಇಇಇ 754 ಎಂಬ ಮಾನಕವಾಗಿ ಪ್ರಕಟವಾದವು. ಗಣಕಶಾಸ್ತ್ರದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಕಹಾನರಿಗೆ 1989ರಲ್ಲಿ ಸಂದಿತು. ಶಾಲೆಯ ಕಚೇರಿಯ ಗಣಕಯಂತ್ರದಿಂದ ಹಿಡಿದು ಅಂಗೈಯೊಳಗಿನ ಮೊಬೈಲ್ ಫೋನಿನವರೆಗೆ ಇಂದು ಎಲ್ಲೆಲ್ಲಿಯೂ ದಶಮಾಂಶ ಸಂಖ್ಯೆಗಳ ಲೆಕ್ಕ ಬಹುಮಟ್ಟಿಗೆ ಈ ಮಾನಕದಂತೆಯೇ ನಡೆಯುತ್ತದೆ.

ಮಾನಕದ ಮುಖ್ಯ ವಿಚಾರ ಸರಳವಾದದ್ದು. ದೊಡ್ಡ ಸಂಖ್ಯೆಗಳನ್ನು ಹತ್ತರ ಘಾತವನ್ನು ಬಳಸಿ ಬರೆಯುವುದನ್ನು ಮಕ್ಕಳು ಕಲಿತಿರುತ್ತಾರೆ. ಸೂರ್ಯನ ದೂರವಾದ ಹದಿನೈದು ಕೋಟಿ ಕಿಲೋಮೀಟರನ್ನು 1.5 × 10⁸ ಎಂದು ಬರೆಯುವುದು ಹೀಗೆಯೇ. ಘಾತ ಬದಲಾದಂತೆ ದಶಮಾಂಶ ಬಿಂದು ಆಚೀಚೆ ತೇಲುವುದರಿಂದ ಇವುಗಳಿಗೆ ತೇಲುಬಿಂದು ಸಂಖ್ಯೆಗಳೆಂದು ಹೆಸರು. ಯಂತ್ರ ಹತ್ತರ ಬದಲಿಗೆ ಎರಡರ ಘಾತವನ್ನು ಬಳಸುತ್ತದೆ. ಒಂದು ಸಂಖ್ಯೆಗೆ ಅದು ಸಾಮಾನ್ಯವಾಗಿ 64 ಮನೆಗಳನ್ನು ಮೀಸಲಿಡುತ್ತದೆ. ಒಂದೊಂದು ಮನೆಯಲ್ಲಿ 0 ಅಥವಾ 1 ಇರುತ್ತದೆ. ಮೊದಲನೆಯ ಮನೆ ಧನವೋ ಋಣವೋ ಎಂಬುದಕ್ಕೆ, ಮುಂದಿನ 11 ಮನೆಗಳು ಘಾತಕ್ಕೆ, ಉಳಿದ 52 ಮನೆಗಳು ಸಂಖ್ಯೆಯ ಅಂಕಿಗಳಿಗೆ.

ಘಾತದ ಹನ್ನೊಂದು ಮನೆಗಳಲ್ಲಿಯೂ 1 ತುಂಬಿದ್ದರೆ ಅದು ಸಾಮಾನ್ಯ ಸಂಖ್ಯೆಯಲ್ಲವೆಂದು ಮಾನಕ ವಿಧಿಸಿದೆ. ಆಗ ಉಳಿದ 52 ಮನೆಗಳೂ ಸೊನ್ನೆಯಾಗಿದ್ದರೆ ಅದು ಅನಂತ. ಅವುಗಳಲ್ಲಿ ಒಂದರಲ್ಲಾದರೂ 1 ಇದ್ದರೆ ಅದು ‘ನ್ಯಾನ್’. ಸಂಖ್ಯೆಯಲ್ಲ ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಆದ ಹೆಸರು ಅದು. ಐದನ್ನು ಸೊನ್ನೆಯಿಂದ ಭಾಗಿಸಿದರೆ ಈ ಮಾನಕದ ಪ್ರಕಾರ ಯಂತ್ರ ಭಾಸ್ಕರನ ಹಾಗೆ ಅನಂತವೆನ್ನುತ್ತದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ, ಅನಂತದಿಂದ ಅನಂತವನ್ನು ಕಳೆದಾಗ, ಅನಂತವನ್ನು ಸೊನ್ನೆಯಿಂದ ಗುಣಿಸಿದಾಗ, −1ರ ವರ್ಗಮೂಲವನ್ನು ಕೇಳಿದಾಗ ಅದು ನ್ಯಾನ್ ಎನ್ನುತ್ತದೆ. ವರ್ಗಮೂಲದ ವಿಷಯದಲ್ಲಿ ಮಹಾವೀರಾಚಾರ್ಯನ ಮಾತು ಹೀಗೆ ಯಂತ್ರದಲ್ಲಿಯೂ ನಿಂತಿದೆ.

ತನಗೆ ತಾನೇ ಸಮವಲ್ಲದ್ದು

ನ್ಯಾನ್ ಸೇರಿದ ಲೆಕ್ಕದ ಉತ್ತರವೂ ಸಾಮಾನ್ಯವಾಗಿ ನ್ಯಾನ್ ಆಗಿಯೇ ಉಳಿಯುತ್ತದೆ. 18, 22, 15, 20 ಮತ್ತು ನ್ಯಾನ್ ಇವುಗಳ ಮೊತ್ತ ನ್ಯಾನ್. ಅದನ್ನು ಐದರಿಂದ ಭಾಗಿಸಿದರೂ ನ್ಯಾನ್. ಒಬ್ಬಳ ಗೈರುಹಾಜರಿಯಿಂದ ಇಡೀ ತರಗತಿಯ ಸರಾಸರಿಯೇ ಮಾಯವಾಯಿತೆಂದು ಕೆಲವರಿಗೆ ಸಿಟ್ಟು ಬರಬಹುದು. ಆದರೆ ಯಂತ್ರ ಇಲ್ಲಿ ಪ್ರಾಮಾಣಿಕವಾಗಿದೆ. ಐವರ ಸರಾಸರಿಯನ್ನು ಕೇಳಲಾಗಿದೆ, ಐವರ ಅಂಕ ಅದರ ಬಳಿ ಇಲ್ಲ. ಬರೆದ ನಾಲ್ವರ ಸರಾಸರಿ ಬೇಕಿದ್ದರೆ ಹಾಗೆಂದೇ ಕೇಳಬೇಕು.

ಈ ನ್ಯಾನನ್ನು ತಂತ್ರಾಂಶ ಗುರುತಿಸುವುದು ಹೇಗೆ? ‘ಈ ಚೌಕದಲ್ಲಿರುವುದು ನ್ಯಾನಿಗೆ ಸಮವೇ?’ ಎಂದು ಕೇಳಿದರೆ ಸಾಕೆಂದು ತೋರುತ್ತದೆ. ಆದರೆ ಆ ಪ್ರಶ್ನೆಗೆ ಯಂತ್ರ ಯಾವಾಗಲೂ ‘ಅಲ್ಲ’ ಎನ್ನುತ್ತದೆ. ಚೌಕದಲ್ಲಿ ನ್ಯಾನ್ ಇದ್ದರೂ ‘ಅಲ್ಲ’ ಎನ್ನುತ್ತದೆ. ಮಾನಕದ ಪ್ರಕಾರ ನ್ಯಾನ್ ಯಾವುದಕ್ಕೂ ಸಮವಲ್ಲ, ಇನ್ನೊಂದು ನ್ಯಾನಿಗೂ ಸಮವಲ್ಲ, ತನಗೆ ತಾನೂ ಸಮವಲ್ಲ. ಪರೀಕ್ಷೆಗೆ ಬಾರದ ಇಬ್ಬರು ಮಕ್ಕಳನ್ನು ನೆನೆದರೆ ಇದರ ಹಿಂದಿನ ನ್ಯಾಯ ತಿಳಿಯುತ್ತದೆ. ಇಬ್ಬರ ಹೆಸರಿನ ಮುಂದೆಯೂ ‘ಗೈ’ ಎಂದಿದೆ. ಅಷ್ಟರಿಂದಲೇ ಇಬ್ಬರಿಗೂ ಸಮನಾದ ಅಂಕ ಬಂದಿದೆಯೆಂದು ಹೇಳಲಾಗುವುದಿಲ್ಲ.

ಈ ವಿಚಿತ್ರ ಗುಣವೇ ಗುರುತಿಸುವ ಉಪಾಯವೂ ಆಗಿದೆ. ‘ಕ’ ಎಂಬ ಚೌಕದಲ್ಲಿ ಏನಿದೆಯೆಂದು ತಿಳಿಯಬೇಕಾದರೆ ‘ಕ ಎಂಬುದು ಕ ಗೆ ಸಮವೇ?’ ಎಂದು ಕೇಳಬೇಕು. ಯಾವುದೇ ಸಂಖ್ಯೆಯಿದ್ದರೂ, ಅನಂತವೇ ಇದ್ದರೂ, ಉತ್ತರ ‘ಹೌದು’. ‘ಅಲ್ಲ’ ಎಂದು ಬಂದರೆ ಅಲ್ಲಿರುವುದು ನ್ಯಾನ್. ಇಂದು ಬಳಕೆಯಲ್ಲಿರುವ ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ‘ಇದು ನ್ಯಾನೇ?’ ಎಂದು ನೇರವಾಗಿ ಕೇಳುವ ಸಿದ್ಧ ಸೌಲಭ್ಯ ಇರುತ್ತದೆ. ‘ಇದು ಅನಂತವಲ್ಲದ, ನ್ಯಾನ್ ಅಲ್ಲದ ಸರಿಯಾದ ಸಂಖ್ಯೆಯೇ?’ ಎಂದು ಕೇಳುವ ಸೌಲಭ್ಯವೂ ಉಂಟು. ಪ್ರೋಗ್ರಾಮ್ ಬರೆಯುವವರಿಗೆ ಎರಡನೆಯದು ಹೆಚ್ಚು ಉಪಯುಕ್ತ. ಏಕೆಂದರೆ ಇಂದು ಅನಂತವಾಗಿರುವುದು ಮುಂದಿನ ಹೆಜ್ಜೆಯಲ್ಲಿ ಅನಂತದಿಂದ ಕಳೆಯಲ್ಪಟ್ಟು ನ್ಯಾನ್ ಆಗಬಹುದು.

ಕೇಳುವ ರೀತಿಯಲ್ಲಿಯೇ ಫಲ

ಯಾರೂ ಕೇಳದೆ ಬಿಟ್ಟಾಗ ಆಗುವ ಅನಾಹುತವನ್ನು ಅಂಕಪಟ್ಟಿಯಲ್ಲಿಯೇ ನೋಡಬಹುದು. ಉತ್ತೀರ್ಣತೆಗೆ 10 ಅಂಕ ಬೇಕೆಂದಿರಲಿ. ಒಬ್ಬ ಪ್ರೋಗ್ರಾಮ್ ಬರೆಯುವವನು ಹೀಗೆ ಬರೆಯುತ್ತಾನೆ: ‘ಅಂಕ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಉತ್ತೀರ್ಣ, ಇಲ್ಲವಾದರೆ ಅನುತ್ತೀರ್ಣ.’ ಇನ್ನೊಬ್ಬನು ಹೀಗೆ ಬರೆಯುತ್ತಾನೆ: ‘ಅಂಕ 10ಕ್ಕಿಂತ ಕಡಿಮೆಯಿದ್ದರೆ ಅನುತ್ತೀರ್ಣ, ಇಲ್ಲವಾದರೆ ಉತ್ತೀರ್ಣ.’ ಓದುವವರಿಗೆ ಎರಡೂ ಒಂದೇ. ಸಂಖ್ಯೆಗಳ ವಿಷಯದಲ್ಲಿ ನಿಜಕ್ಕೂ ಎರಡೂ ಒಂದೇ. ನ್ಯಾನಿನ ವಿಷಯದಲ್ಲಿ ಹಾಗಲ್ಲ. ನ್ಯಾನ್ ಹತ್ತಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಹತ್ತಕ್ಕೆ ಸಮವೂ ಅಲ್ಲ. ಇಂತಹ ಎಲ್ಲ ಪ್ರಶ್ನೆಗಳಿಗೂ ಯಂತ್ರದ ಉತ್ತರ ‘ಅಲ್ಲ’. ಆದ್ದರಿಂದ ಜ್ವರದಲ್ಲಿ ಮಲಗಿದ್ದ ಹುಡುಗಿ ಮೊದಲನೆಯ ಪ್ರೋಗ್ರಾಮಿನಲ್ಲಿ ಅನುತ್ತೀರ್ಣಳು, ಎರಡನೆಯದರಲ್ಲಿ ಉತ್ತೀರ್ಣಳು. ಅವಳ ಹಣೆಬರಹ ನಿರ್ಧಾರವಾದದ್ದು ಅವಳ ಓದಿನಿಂದಲ್ಲ, ಎಂದೂ ಕಾಣದ ಯಾರೋ ಒಬ್ಬರು ವಾಕ್ಯ ಕಟ್ಟಿದ ರೀತಿಯಿಂದ.

ಅಳತೆಯ ಉಪಕರಣಗಳಲ್ಲಿಯೂ ಇದೇ ಬಲೆಯಿದೆ. ತಾಪಮಾನ 0ಗಿಂತ ಕಡಿಮೆಯಿದ್ದರೆ ಅಥವಾ 50ಕ್ಕಿಂತ ಹೆಚ್ಚಿದ್ದರೆ ತಿರಸ್ಕರಿಸಬೇಕೆಂದು ಕಾವಲು ಹಾಕಿದರೆ, ಕೆಟ್ಟುಹೋದ ಉಪಕರಣದಿಂದ ಬಂದ ನ್ಯಾನ್ ಆ ಕಾವಲನ್ನು ದಾಟಿ ಒಳಗೆ ಹೋಗುತ್ತದೆ. ಅದು ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಅದರ ಬದಲು, 0ಯಿಂದ 50ರ ಒಳಗಿದ್ದರೆ ಮಾತ್ರ ಸ್ವೀಕರಿಸಬೇಕು, ಉಳಿದುದೆಲ್ಲವನ್ನೂ ತಿರಸ್ಕರಿಸಬೇಕು ಎಂದು ಬರೆದರೆ ನ್ಯಾನ್ ಹೊರಗೇ ಉಳಿಯುತ್ತದೆ. ‘ಕೆಟ್ಟವರನ್ನು ತಡೆ’ ಎಂಬ ಆಜ್ಞೆಗೂ ‘ಗುರುತು ತೋರಿಸಿದವರನ್ನು ಮಾತ್ರ ಬಿಡು’ ಎಂಬ ಆಜ್ಞೆಗೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ.

2020ರ ಅಕ್ಟೋಬರಿನಲ್ಲಿ ಇಂತಹ ಒಂದು ಘಟನೆಯನ್ನು ಜಗತ್ತು ನೇರಪ್ರಸಾರದಲ್ಲಿ ಕಂಡಿತು. ರೋಬೋರೇಸ್ ಎಂಬ ಸ್ಪರ್ಧೆಯಲ್ಲಿ ಚಾಲಕನಿಲ್ಲದ ಕಾರುಗಳು ತಂತ್ರಾಂಶದ ಬಲದಿಂದಲೇ ಓಡುತ್ತಿದ್ದವು. ಒಂದು ತಂಡದ ಕಾರು ಹೊರಡುವ ಸೂಚನೆ ಸಿಕ್ಕಿದೊಡನೆ ಬಲಕ್ಕೆ ತಿರುಗಿ ನೇರವಾಗಿ ಗೋಡೆಗೆ ಗುದ್ದಿತು. ಸ್ಪರ್ಧೆಗೆ ಮುಂಚಿನ ಸಿದ್ಧತೆಯ ಸುತ್ತಿನಲ್ಲಿ ಯಾವುದೋ ಕಾರಣದಿಂದ ಚಕ್ರ ತಿರುಗಿಸುವ ಆಜ್ಞೆಯ ಬೆಲೆ ನ್ಯಾನ್ ಆಗಿಬಿಟ್ಟಿತ್ತೆಂದೂ, ಅದರಿಂದ ಚಕ್ರಗಳು ಬಲಗಡೆಯ ಕೊನೆಯ ಮಿತಿಗೆ ತಿರುಗಿ ಅಲ್ಲಿಯೇ ನಿಂತವೆಂದೂ ತಂಡದವರು ಆಮೇಲೆ ವಿವರಿಸಿದರು. ವೇಗದ ಆಜ್ಞೆ ಸರಿಯಾಗಿಯೇ ಇದ್ದುದರಿಂದ ಕಾರು ಹೊರಟಿತು. ಒಳಗೆ ಮನುಷ್ಯರಿರಲಿಲ್ಲ. ‘ಎಷ್ಟು ತಿರುಗಬೇಕೆಂದು ಗೊತ್ತಿಲ್ಲ’ ಎಂಬುದು ನ್ಯಾನಿನ ಅರ್ಥ. ಗೊತ್ತಿಲ್ಲವೆಂದರೆ ನಿಲ್ಲಬೇಕೆಂಬ ವಿವೇಕ ಮಾತ್ರ ಆ ಗಳಿಗೆಯಲ್ಲಿ ಕೆಲಸ ಮಾಡಲಿಲ್ಲ.

ಇನ್ನೊಂದು ಅಪಾಯದ ಜಾಗ ತೇಲುಬಿಂದು ಸಂಖ್ಯೆಯನ್ನು ಪೂರ್ಣಾಂಕವಾಗಿ ಬದಲಿಸುವ ಹೆಜ್ಜೆ. ಪೂರ್ಣಾಂಕದ ಚೌಕದಲ್ಲಿ ನ್ಯಾನಿಗೆ ಜಾಗವೇ ಇಲ್ಲ. ಅಲ್ಲಿ 0 ಮತ್ತು 1ರ ಯಾವ ಜೋಡಣೆಯಿದ್ದರೂ ಅದು ಒಂದು ಸಂಖ್ಯೆಯೇ. ಮೇಜಿನ ಮೇಲಿನ ಇಂಟೆಲ್ ಮಾದರಿಯ ಯಂತ್ರಗಳ ಚಿಪ್ಪು ನ್ಯಾನನ್ನು 32 ಮನೆಗಳ ಪೂರ್ಣಾಂಕವಾಗಿ ಬದಲಿಸಿದಾಗ −2,14,74,83,648 ಎಂಬ ಬೃಹತ್ ಋಣಸಂಖ್ಯೆ ಬರುತ್ತದೆ. ಮೊಬೈಲ್ ಫೋನುಗಳಲ್ಲಿ ಸಾಮಾನ್ಯವಾಗಿರುವ ಆರ್ಮ್ ಮಾದರಿಯ ಚಿಪ್ಪಿನಲ್ಲಿ ಅದೇ ಬದಲಾವಣೆಗೆ 0 ಬರುತ್ತದೆ. ಅಂದರೆ, ಬಹಳ ಎಚ್ಚರದಿಂದ ‘ಗೈ’ ಎಂದೇ ಉಳಿಸಿಕೊಂಡು ಬಂದ ಗುರುತು ಕೊನೆಯ ಹೆಜ್ಜೆಯಲ್ಲಿ ಮತ್ತೆ ಸೊನ್ನೆಯಾಗಬಹುದು.

ಎಲ್ಲೆಲ್ಲಿ ತಡೆದು ನೋಡಬೇಕು

ಪ್ರತಿಯೊಂದು ಕೂಡುವಿಕೆ, ಗುಣಾಕಾರದ ನಂತರವೂ ‘ನೀನು ಸಂಖ್ಯೆಯೇ?’ ಎಂದು ಕೇಳುತ್ತ ಹೋದರೆ ಯಂತ್ರದ ವೇಗ ಕುಗ್ಗುತ್ತದೆ. ಅನುಭವಿಗಳು ಮೂರು ಜಾಗಗಳಲ್ಲಿ ಕೇಳುತ್ತಾರೆ. ಹೊರಗಿನಿಂದ ಮಾಹಿತಿ ಒಳಗೆ ಬರುವ ಬಾಗಿಲು ಮೊದಲನೆಯದು. ಭಾಗಾಕಾರ, ವರ್ಗಮೂಲಗಳಂತಹ ಅಪಾಯದ ಹೆಜ್ಜೆ ಎರಡನೆಯದು. ಉತ್ತರವನ್ನು ಆಧರಿಸಿ ಏನನ್ನಾದರೂ ಮಾಡುವ ಮುನ್ನಿನ ಗಳಿಗೆ ಮೂರನೆಯದು: ಚಕ್ರ ತಿರುಗಿಸುವ ಮೊದಲು, ಔಷಧದ ಪ್ರಮಾಣ ನಿಗದಿಯಾಗುವ ಮೊದಲು, ಅಂಕಪಟ್ಟಿ ಮುದ್ರಣವಾಗುವ ಮೊದಲು.

ಮಾನಕ ಇನ್ನೊಂದು ಸಹಾಯವನ್ನೂ ಒದಗಿಸಿದೆ. ಚಿಪ್ಪಿನೊಳಗೆ ಐದು ಪುಟ್ಟ ಧ್ವಜಗಳಿವೆ. ಅಸಿಂಧುವಾದ ಲೆಕ್ಕ, ಸೊನ್ನೆಯಿಂದ ಭಾಗಾಕಾರ, ಮಿತಿಮೀರಿದ ದೊಡ್ಡ ಉತ್ತರ, ಮಿತಿಮೀರಿದ ಸಣ್ಣ ಉತ್ತರ, ಪೂರ್ತಿ ನಿಖರವಲ್ಲದ ಉತ್ತರ ಎಂಬ ಐದು ಸಂದರ್ಭಗಳಿಗೆ ಒಂದೊಂದು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದೊಡನೆ ಮೊದಲನೆಯ ಧ್ವಜ ಏರುತ್ತದೆ. ಪ್ರೋಗ್ರಾಮ್ ತಾನಾಗಿ ಇಳಿಸುವವರೆಗೆ ಏರಿಯೇ ಇರುತ್ತದೆ. ಲಕ್ಷಾಂತರ ಲೆಕ್ಕಗಳು ಮುಗಿದ ಮೇಲೆ ಒಮ್ಮೆ ಆ ಧ್ವಜವನ್ನು ನೋಡಿದರೆ ನಡುವೆ ಎಲ್ಲಿಯೋ ಅಸಿಂಧುವಾದ ಲೆಕ್ಕ ನಡೆದಿತ್ತೆಂಬುದು ತಿಳಿಯುತ್ತದೆ. ಇದು ಮುಖ್ಯ, ಏಕೆಂದರೆ ನ್ಯಾನ್ ಕೆಲವೊಮ್ಮೆ ಸದ್ದಿಲ್ಲದೆ ಮಾಯವೂ ಆಗುತ್ತದೆ. ‘ಇದುವರೆಗಿನ ಗರಿಷ್ಠಕ್ಕಿಂತ ಇದು ಹೆಚ್ಚೇ?’ ಎಂದು ಕೇಳುತ್ತ ಅತಿ ಹೆಚ್ಚಿನ ಅಂಕವನ್ನು ಹುಡುಕುವ ಪ್ರೋಗ್ರಾಮಿನಲ್ಲಿ ನಡುವೆ ಬಂದ ನ್ಯಾನಿಗೆ ‘ಅಲ್ಲ’ ಎಂಬ ಉತ್ತರ ಬಂದು ಅದು ಬಿಟ್ಟುಹೋಗುತ್ತದೆ. ಕೊನೆಯ ಉತ್ತರ 22 ಎಂದು ಸೊಗಸಾಗಿ ಬಂದಿರುತ್ತದೆ. ಒಬ್ಬಳ ಅಂಕ ಲೆಕ್ಕಕ್ಕೇ ಬರಲಿಲ್ಲವೆಂಬುದನ್ನು ಆ 22 ಹೇಳುವುದಿಲ್ಲ.

ವೇಗದ ಆಸೆಯೂ ಒಂದು ಬಲೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗಳಲ್ಲಿ ಲೆಕ್ಕವನ್ನು ಚುರುಕುಗೊಳಿಸುವ ಆಯ್ಕೆಗಳಿವೆ. ಅವುಗಳಲ್ಲಿ ಕೆಲವು, ನ್ಯಾನ್ ಎಂಬುದು ಬರುವುದೇ ಇಲ್ಲವೆಂದು ನಂಬಿ ಕೆಲಸ ಮಾಡುತ್ತವೆ. ಆಗ ‘ಕ ಎಂಬುದು ಕ ಗೆ ಸಮವೇ?’ ಎಂಬ ಪ್ರಶ್ನೆ ಕಂಪೈಲರಿಗೆ ಅನಾವಶ್ಯಕವೆಂದು ತೋರುತ್ತದೆ; ಎಲ್ಲವೂ ತನಗೆ ತಾನು ಸಮವೇ ತಾನೆ! ಅದು ಆ ಪ್ರಶ್ನೆಯನ್ನು ಅಳಿಸಿಹಾಕುತ್ತದೆ. ಪ್ರೋಗ್ರಾಮಿನ ಹಾಳೆಯಲ್ಲಿ ಕಾವಲುಗಾರನಿದ್ದಾನೆ, ಓಡುವ ಯಂತ್ರದಲ್ಲಿ ಇಲ್ಲ. ಇಂತಹ ಕಡೆ ತಿಳಿದವರು 64 ಮನೆಗಳನ್ನು ನೇರವಾಗಿ ತೆರೆದು, ಘಾತದ ಹನ್ನೊಂದರಲ್ಲಿಯೂ 1 ಇದೆಯೇ, ಉಳಿದ 52ರಲ್ಲಿ ಎಲ್ಲಿಯಾದರೂ 1 ಇದೆಯೇ ಎಂದು ಎಣಿಸಿ ನೋಡುತ್ತಾರೆ.

ನ್ಯಾನ್ ಸಿಕ್ಕಿದ ಮೇಲೆ ಅದನ್ನು ಅಳಿಸಿ ಸೊನ್ನೆ ತುಂಬುವುದು ಅತಿ ಸುಲಭದ ಕೆಲಸ, ಅತಿ ಕೆಟ್ಟ ಕೆಲಸವೂ ಹೌದು. ಅದು ಮೊದಲು ಎಲ್ಲಿ ಹುಟ್ಟಿತೆಂದು ಹಿಂದಕ್ಕೆ ಹೋಗಿ ನೋಡಬೇಕು. ಉಪಕರಣದ ತಂತಿ ಕಡಿದಿತ್ತೇ, ಯಾರನ್ನೂ ಸೇರಿಸದ ಪಟ್ಟಿಯ ಸರಾಸರಿಯನ್ನು ಕೇಳಲಾಗಿತ್ತೇ, ಕಳೆಯುವ ಲೆಕ್ಕದಲ್ಲಿ ಹಿಂದುಮುಂದಾಗಿ ಋಣಸಂಖ್ಯೆ ಬಂದು ಅದರ ವರ್ಗಮೂಲವನ್ನು ತೆಗೆಯಲಾಗಿತ್ತೇ? ಕಾರಣ ತಿಳಿದ ಮೇಲೆಯೇ ಪರಿಹಾರ.

ಮನೆಯಲ್ಲಿ ಮಾಡಿ ನೋಡಲು

ಶಾಲೆಯ ಅಥವಾ ಮನೆಯ ಗಣಕಯಂತ್ರದಲ್ಲಿ ಲೆಕ್ಕದ ಹಾಳೆಯ ತಂತ್ರಾಂಶವಿದ್ದರೆ ಮಕ್ಕಳು ಇದನ್ನು ಕೈಯಾರೆ ಮಾಡಿ ನೋಡಬಹುದು. ಒಂದರ ಕೆಳಗೊಂದರಂತೆ ಐದು ಚೌಕಗಳಲ್ಲಿ 18, 22, 15, 20 ಮತ್ತು ‘ಗೈ’ ಎಂದು ತುಂಬಿ, ಸರಾಸರಿ ತೆಗೆಯುವ ಸೂತ್ರವನ್ನು ಹಾಕಬೇಕು. ಆ ಸೂತ್ರ ಅಕ್ಷರವಿರುವ ಚೌಕವನ್ನು ಬಿಟ್ಟು ಎಣಿಸುವುದರಿಂದ 18.75 ಬರುತ್ತದೆ. ಅನಂತರ ‘ಗೈ’ಯನ್ನು ಅಳಿಸಿ 0 ಹಾಕಿದರೆ 15 ಬರುತ್ತದೆ. ಮತ್ತೆ ‘ಗೈ’ ಎಂದು ಬರೆದು, ಈ ಬಾರಿ ಸೂತ್ರದ ಬದಲು ಐದು ಚೌಕಗಳನ್ನೂ ಕೂಡುವ ಚಿಹ್ನೆಯಿಂದ ಒಂದೊಂದಾಗಿ ಕೂಡಿಸಿದರೆ ಉತ್ತರದ ಜಾಗದಲ್ಲಿ ತಪ್ಪಿನ ಸಂದೇಶ ಕಾಣುತ್ತದೆ. ಒಂದೇ ಪಟ್ಟಿ, ಮೂರು ಫಲ. ಮೂರಕ್ಕೂ ಕಾರಣವನ್ನು ಒಂದೊಂದು ವಾಕ್ಯದಲ್ಲಿ ನೋಟುಪುಸ್ತಕದಲ್ಲಿ ಬರೆಯಲು ಪ್ರಯತ್ನಿಸಬಹುದು. ಫೋನಿನ ಕ್ಯಾಲ್ಕುಲೇಟರಿನಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ, −1ರ ವರ್ಗಮೂಲವನ್ನು ಕೇಳಿ, ಅದು ಕೊಡುವ ಉತ್ತರದ ಮಾತುಗಳನ್ನು ಗೆಳೆಯರ ಫೋನಿನ ಉತ್ತರದೊಂದಿಗೆ ಹೋಲಿಸಿದರೆ ಇನ್ನೂ ಸೊಗಸು.

ಹಿರಿಯರಿಗೂ ಒಂದು ಕೆಲಸವಿದೆ. ಪ್ರಗತಿಪತ್ರ ಮನೆಗೆ ಬಂದಾಗ ಮಗು ಬರೆಯದ ಪರೀಕ್ಷೆಯ ಮುಂದೆ ಏನಿದೆಯೆಂದು ನೋಡಬೇಕು. ಅಲ್ಲಿ ‘ಗೈ’ ಇದ್ದರೆ ಸರಿ. 0 ಇದ್ದರೆ, ಅದು ಬರೆದು ಬಂದ ಸೊನ್ನೆಯೋ ಬಾರದೆ ಬಂದ ಸೊನ್ನೆಯೋ ಎಂದು ಅಧ್ಯಾಪಕರನ್ನು ವಿನಯದಿಂದ ವಿಚಾರಿಸಬೇಕು. ಸರಾಸರಿಯನ್ನು ಎಷ್ಟು ಮಂದಿಯಿಂದ ಭಾಗಿಸಲಾಗಿದೆಯೆಂದೂ ಕೇಳಬಹುದು. ಕೈಬರಹದ ಪಟ್ಟಿಯಲ್ಲಿ ಸರಿಯಾಗಿದ್ದುದು ಯಂತ್ರಕ್ಕೆ ಏರುವಾಗ ಬದಲಾಗಿದ್ದರೆ ಅಧ್ಯಾಪಕರಿಗೂ ಆಗಲೇ ತಿಳಿಯುತ್ತದೆ.

ಆರಂಭದ ಪಟ್ಟಿಯ ಹುಡುಗಿ ಜ್ವರ ಬಿಟ್ಟ ಮೇಲೆ ಶಾಲೆಗೆ ಬಂದು ಬೇರೆ ಪ್ರಶ್ನೆಪತ್ರಿಕೆಯಲ್ಲಿ ಪರೀಕ್ಷೆ ಬರೆದು 21 ಅಂಕ ಪಡೆದಳೆಂದಿರಲಿ. ಒಟ್ಟು 96; ಐವರ ಸರಾಸರಿ 19.2. ಅಧ್ಯಾಪಕರು ‘ಗೈ’ಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ 21 ಎಂದು ಬರೆಯುತ್ತಾರೆ. ಆ ಚೌಕದಲ್ಲಿ ಸೊನ್ನೆ ಕುಳಿತಿದ್ದರೆ ಅಲ್ಲಿ ಇನ್ನೂ ಒಂದು ಪರೀಕ್ಷೆ ಬಾಕಿಯಿದೆಯೆಂಬುದು ಪಟ್ಟಿಯನ್ನು ನೋಡಿದ ಯಾರಿಗೂ ಹೊಳೆಯುತ್ತಿರಲಿಲ್ಲ.